ವಾರಾನ್ನದಿಂದ ಬಿಸಿಯೂಟಕ್ಕೆ

ಓದುವ ಬಡ ಮಗುವಿನ ಹೊಟ್ಟೆ ತುಂಬಿಸುವ ಹೊಣೆ ಯಾರದು? ತಂದೆ ತಾಯಿಯದೇ, ಊರಿನದೇ, ಮಠ ಮಂದಿರಗಳದೇ ಅಥವಾ ಸರ್ಕಾರದ್ದೇ? ಈ ಪ್ರಶ್ನೆಗೆ ಕನ್ನಡ ನಾಡು ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ಉತ್ತರ ಕೊಟ್ಟಿದೆ. ಇಂದು ಸರ್ಕಾರಿ ಶಾಲೆಗಳಲ್ಲಿ ಮಧ್ಯಾಹ್ನದ ಗಂಟೆ ಬಾರಿಸಿದ ಕೂಡಲೇ ಮಕ್ಕಳು ತಟ್ಟೆ ಹಿಡಿದು ಸಾಲಾಗಿ ಕೂರುವುದು ತೀರಾ ಸಹಜವಾಗಿಬಿಟ್ಟಿದೆ. ಆ ಸಾಲಿನ ಹಿಂದೆ ನೂರು ವರ್ಷಗಳ ಜಗ್ಗಾಟವಿದೆ ಎಂಬುದು ಬಹಳ ಜನರ ಗಮನಕ್ಕೆ ಬರುವುದಿಲ್ಲ. ಅಕ್ಕಿ ಬೇಳೆಯ ಲೆಕ್ಕಕ್ಕಾಗಿ ನಡೆದ ಜಗ್ಗಾಟ ಒಂದಾದರೆ, ಯಾರ ಪಕ್ಕದಲ್ಲಿ ಯಾರು ಕೂರಬೇಕು, ಯಾರು ಬೇಯಿಸಿದ್ದನ್ನು ಯಾರು ಉಣ್ಣಬೇಕು ಎಂಬುದಕ್ಕಾಗಿ ನಡೆದದ್ದು ಇನ್ನೊಂದು. ಮೊದಲನೆಯದು ಬಹುಮಟ್ಟಿಗೆ ಮುಗಿದಿದೆ. ಎರಡನೆಯದು ಮುಗಿದಿಲ್ಲ.

ಮನೆಗೊಂದು ದಿನ

ಸರ್ಕಾರ ಊಟದ ಯೋಚನೆ ಮಾಡುವ ಮುನ್ನ ಓದುವ ಹುಡುಗರು ಉಪವಾಸವಿರಲಿಲ್ಲವೇ? ಇದ್ದರು. ಆದರೆ ಕೆಲವರಿಗೆ ದಾರಿಗಳೂ ಇದ್ದವು. ಅವುಗಳಲ್ಲಿ ಹೆಸರಾದದ್ದು ವಾರಾನ್ನ. ಹಳ್ಳಿಯಿಂದ ಪೇಟೆಗೆ ಓದಲು ಬಂದ ಬಡ ಬ್ರಾಹ್ಮಣ ಹುಡುಗ ಏಳು ಮನೆಗಳನ್ನು ಗೊತ್ತುಮಾಡಿಕೊಳ್ಳುತ್ತಿದ್ದ. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರದು, ಹೀಗೆ ವಾರ ಮುಗಿಯುತ್ತಿತ್ತು. ಏಳರಲ್ಲಿ ಐದೇ ಮನೆ ಸಿಕ್ಕಿದರೆ ಉಳಿದೆರಡು ದಿನ ತಣ್ಣೀರೇ ಗತಿ. ಹಳೆಯ ತಲೆಮಾರಿನ ಎಷ್ಟೋ ಲೇಖಕರ, ವಿದ್ವಾಂಸರ ಆತ್ಮಕಥೆಗಳಲ್ಲಿ ವಾರಾನ್ನದ ಮಾತು ಬರುತ್ತದೆ. ಉಣಬಡಿಸಿದ ತಾಯಂದಿರ ನೆನಪೂ, ಮನೆ ಬಾಗಿಲಲ್ಲಿ ಕಾದು ನಿಂತ ಸಂಕೋಚವೂ ಅವುಗಳಲ್ಲಿ ಒಟ್ಟಿಗೇ ಇರುತ್ತವೆ.

ಉತ್ತರ ಕರ್ನಾಟಕದ ಮಠಗಳಲ್ಲಿ ಕಂತಿಭಿಕ್ಷೆಯ ಪದ್ಧತಿಯಿತ್ತು. ಮಠದಲ್ಲಿದ್ದು ಓದುವ ಹುಡುಗರು ಜೋಳಿಗೆ ಹಿಡಿದು ಊರೊಳಗೆ ಹೋಗಿ ಭಕ್ತರು ಕೊಟ್ಟ ರೊಟ್ಟಿ, ಅನ್ನ ತಂದು ಹಂಚಿಕೊಂಡು ಉಣ್ಣುತ್ತಿದ್ದರು. ಮುಂದೆ ಇದೇ ಪರಂಪರೆಯಿಂದ ಮಠಗಳ ಉಚಿತ ಪ್ರಸಾದ ನಿಲಯಗಳು ಬೆಳೆದವು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮೈಸೂರು ಸಂಸ್ಥಾನದಲ್ಲೂ ಮುಂಬಯಿ ಕರ್ನಾಟಕದಲ್ಲೂ ಹುಟ್ಟಿದ ಸಮುದಾಯ ಸಂಘಗಳು ತಮ್ಮ ತಮ್ಮ ಮಕ್ಕಳಿಗಾಗಿ ವಿದ್ಯಾರ್ಥಿ ನಿಲಯಗಳನ್ನು ತೆರೆದವು. ಹಳ್ಳಿಯ ರೈತನ ಮಗ ವಕೀಲನೋ, ಎಂಜಿನಿಯರೋ ಆದದ್ದರ ಹಿಂದೆ ಇಂತಹ ನಿಲಯಗಳ ಅನ್ನದ ಋಣ ದೊಡ್ಡದು.

ಆದರೆ ಈ ಎಲ್ಲ ಅನ್ನಕ್ಕೂ ಒಂದು ಎಲ್ಲೆಯಿತ್ತು. ವಾರಾನ್ನದ ಮನೆಯವರು ಜಾತಿ ತಿಳಿದೇ ಎಲೆ ಹಾಕುತ್ತಿದ್ದರು. ಸಂಘಗಳ ನಿಲಯಗಳು ಹೆಸರಿನಲ್ಲೇ ಜಾತಿಯನ್ನು ಹೊತ್ತಿದ್ದವು. ಒಂದು ಪಂಕ್ತಿಯಲ್ಲಿ ಕೂತವರು ಒಂದೇ ಬಳಗದವರು. ಯಾವ ಪಂಕ್ತಿಯಲ್ಲೂ ಜಾಗವಿಲ್ಲದ ಮಕ್ಕಳಿಗೆ ಶಾಲೆಯ ಬಾಗಿಲೂ ದೂರ, ಊಟವೂ ದೂರ. 1892ರಲ್ಲಿ ಮಂಗಳೂರಿನ ಉರ್ವ ಚಿಲಿಂಬಿಯಲ್ಲಿ ದಲಿತ ಮಕ್ಕಳಿಗಾಗಿ ಶಾಲೆ ತೆರೆದ ಕುದ್ಮುಲ್ ರಂಗರಾಯರು ಮಕ್ಕಳಿಗೆ ಮಧ್ಯಾಹ್ನದ ಊಟದ ಆಸರೆಯನ್ನೂ ಕೊಟ್ಟರೆಂದು ಅವರ ಚರಿತ್ರೆ ಬರೆದವರು ಹೇಳುತ್ತಾರೆ. ಅದಕ್ಕಾಗಿ ಅವರು ತಮ್ಮ ಸಮಾಜದವರಿಂದಲೇ ಬಹಿಷ್ಕಾರ ಅನುಭವಿಸಬೇಕಾಯಿತು. ತುಮಕೂರಿನ ಸಿದ್ಧಗಂಗಾ ಮಠದಲ್ಲಿ ಶಿವಕುಮಾರ ಸ್ವಾಮಿಗಳ ಕಾಲದಲ್ಲಿ ಎಲ್ಲ ಜಾತಿ, ಮತಗಳ ಸುಮಾರು ಹತ್ತು ಸಾವಿರ ಮಕ್ಕಳು ಒಂದೇ ಕಡೆ ಉಂಡು ಓದುವಂತಾದದ್ದು ಇನ್ನೊಂದು ದೊಡ್ಡ ಉದಾಹರಣೆ. ಇಂತಹವು ಇದ್ದವು, ಆದರೆ ನಾಡಿನುದ್ದಕ್ಕೂ ಇರಲಿಲ್ಲ. ಎಲ್ಲ ಮಕ್ಕಳನ್ನೂ ಒಂದೇ ಸಾಲಿನಲ್ಲಿ ಕೂರಿಸಬೇಕಾದರೆ ಎಲ್ಲರ ತೆರಿಗೆಯ ಹಣದಿಂದಲೇ ಒಲೆ ಹೊತ್ತಬೇಕಾಗಿತ್ತು.

ಮದರಾಸಿನ ಒಂದಾಣೆ ತಿಂಡಿ

ಆ ಒಲೆ ಮೊದಲು ಹೊತ್ತಿದ್ದು ಮದರಾಸಿನಲ್ಲಿ. 1920ರ ಸೆಪ್ಟೆಂಬರ್‌ನಲ್ಲಿ ಮದರಾಸು ನಗರಪಾಲಿಕೆಯ ಸಭೆ ಒಂದು ನಿರ್ಣಯ ಮಾಡಿತು. ಥೌಸಂಡ್ ಲೈಟ್ಸ್ ಪ್ರದೇಶದ ಪಾಲಿಕೆ ಶಾಲೆಯ ಮಕ್ಕಳಿಗೆ ದಿನಕ್ಕೊಂದು ತಿಂಡಿ ಕೊಡಬೇಕು, ಖರ್ಚು ತಲೆಗೆ ಒಂದು ಆಣೆ ಮೀರಬಾರದು ಎಂಬುದೇ ಆ ನಿರ್ಣಯ. ಆಗ ಪಾಲಿಕೆಯ ಅಧ್ಯಕ್ಷರಾಗಿದ್ದವರು ಜಸ್ಟಿಸ್ ಪಕ್ಷದ ಮುಖಂಡ ಪಿ. ತ್ಯಾಗರಾಯ ಚೆಟ್ಟಿ. ಆ ಶಾಲೆಗೆ ಬರುವವರು ಕಡುಬಡವರ ಮಕ್ಕಳು, ಹಸಿವಿನಿಂದಾಗಿ ಹಾಜರಿ ಬೀಳುತ್ತಿದೆ ಎಂಬುದು ಅವರು ಮುಂದಿಟ್ಟ ಕಾರಣ.

ಪ್ರಯೋಗ ಫಲಿಸಿತು. ಇನ್ನೂ ನಾಲ್ಕು ಶಾಲೆಗಳಿಗೆ ವಿಸ್ತರಿಸಿದ ಮೇಲೆ, 1922ರಿಂದ 1925ರ ನಡುವೆ ಮಕ್ಕಳ ಸಂಖ್ಯೆ ಎಂಟುನೂರು ಚಿಲ್ಲರೆಯಿಂದ ಸಾವಿರದ ಆರುನೂರು ದಾಟಿತು. ಆದರೆ 1925ರಲ್ಲಿ ಬ್ರಿಟಿಷ್ ಸರ್ಕಾರ ಪ್ರಾಥಮಿಕ ಶಿಕ್ಷಣ ನಿಧಿಯಿಂದ ತಿಂಡಿಗೆ ಹಣ ವೆಚ್ಚ ಮಾಡುವುದಕ್ಕೆ ತಡೆಹಾಕಿತು. ಒಲೆ ಆರಿತು.

ಇದರಲ್ಲಿನ ವಿಪರ್ಯಾಸವನ್ನು ಗಮನಿಸಬೇಕು. ಇಂಗ್ಲೆಂಡಿನಲ್ಲಿ ಶಾಲೆಯ ಊಟಕ್ಕೆ ಕಾನೂನು ಬಂದು ಆಗಲೇ ಹತ್ತೊಂಬತ್ತು ವರ್ಷಗಳಾಗಿದ್ದವು. ಬೋಯರ್ ಯುದ್ಧಕ್ಕೆ ಸೈನಿಕರನ್ನು ಸೇರಿಸಿಕೊಳ್ಳುವಾಗ ಕಾರ್ಮಿಕ ಬಡಾವಣೆಗಳ ಯುವಕರಲ್ಲಿ ಬಹಳಷ್ಟು ಮಂದಿ ದೇಹದಾರ್ಢ್ಯವಿಲ್ಲದೆ ತಿರಸ್ಕೃತರಾದರು. ಸಾಮ್ರಾಜ್ಯಕ್ಕೆ ಗಾಬರಿಯಾಯಿತು. 1906ರಲ್ಲಿ ಸಂಸತ್ತು ಮಾಡಿದ ಕಾನೂನು ಹಸಿದ ಶಾಲಾ ಮಕ್ಕಳ ಊಟಕ್ಕೆ ಸ್ಥಳೀಯ ತೆರಿಗೆಯ ಹಣ ಬಳಸಲು ಅವಕಾಶ ಕೊಟ್ಟಿತು. ಬ್ರ್ಯಾಡ್‌ಫರ್ಡ್ ನಗರ ಮರುವರ್ಷವೇ ಊಟ ಆರಂಭಿಸಿತು. ತನ್ನ ನೆಲದಲ್ಲಿ ಸರಿಯೆನಿಸಿದ ವೆಚ್ಚ ಅದೇ ಸರ್ಕಾರಕ್ಕೆ ಮದರಾಸಿನಲ್ಲಿ ದುಂದಾಗಿ ಕಂಡಿತು.

ಕಾಮರಾಜರಿಂದ ಎಂಜಿಆರ್‌ವರೆಗೆ

ಮೂವತ್ತು ವರ್ಷಗಳ ಬಳಿಕ ಮತ್ತೆ ಒಲೆ ಹೊತ್ತಿಸಿದವರು ಕೆ. ಕಾಮರಾಜ್. ತಂದೆ ತೀರಿಹೋಗಿ, ಮನೆಯ ಬಡತನದಿಂದ ಚಿಕ್ಕಂದಿನಲ್ಲೇ ಶಾಲೆ ಬಿಟ್ಟವರು ಅವರು. 1954ರಲ್ಲಿ ಮದರಾಸು ರಾಜ್ಯದ ಮುಖ್ಯಮಂತ್ರಿಯಾದಾಗ, ಮುಚ್ಚಿದ್ದ ಹಳ್ಳಿ ಶಾಲೆಗಳನ್ನು ತೆರೆಸುವುದರ ಜೊತೆಗೆ, ತೆರೆದ ಶಾಲೆಗೆ ಮಕ್ಕಳು ಏಕೆ ಬರುತ್ತಿಲ್ಲ ಎಂದು ವಿಚಾರಿಸಿದರು. ದನ ಕಾಯುವ ಹುಡುಗನನ್ನು ದಾರಿಯಲ್ಲಿ ನಿಲ್ಲಿಸಿ ಕೇಳಿದಾಗ, ಶಾಲೆಗೆ ಹೋದರೆ ಊಟ ಯಾರು ಕೊಡುತ್ತಾರೆ ಎಂದು ಅವನೇ ತಿರುಗಿ ಕೇಳಿದನೆಂಬ ಕಥೆ ತಮಿಳುನಾಡಿನಲ್ಲಿ ಮನೆಮಾತು. ಕಥೆ ಹೇಗೇ ಇರಲಿ, ಲೆಕ್ಕಾಚಾರ ನಿಜ. ಬಡವರ ಮನೆಯಲ್ಲಿ ಮಗುವೂ ದುಡಿಯುವ ಕೈ. ಆ ಕೈಯನ್ನು ಶಾಲೆಗೆ ಬಿಟ್ಟುಕೊಟ್ಟರೆ ಅದರ ಕೂಳನ್ನು ಶಾಲೆಯೇ ಕೊಡಬೇಕಾಗುತ್ತದೆ.

1956ರಲ್ಲಿ ಕವಿ ಸುಬ್ರಹ್ಮಣ್ಯ ಭಾರತಿ ಅವರ ಹುಟ್ಟೂರಾದ ಎಟ್ಟಯಪುರದಲ್ಲಿ ಮಧ್ಯಾಹ್ನದ ಊಟಕ್ಕೆ ಚಾಲನೆ ಸಿಕ್ಕಿತು. ಆರಂಭದಲ್ಲಿ ಊರಿನವರೇ ಧಾನ್ಯ, ಹಣ ಒಟ್ಟುಗೂಡಿಸುತ್ತಿದ್ದರು. ಆಮೇಲೆ ನೂರರಲ್ಲಿ ಅರವತ್ತು ಪಾಲನ್ನು ಸರ್ಕಾರ, ನಲವತ್ತು ಪಾಲನ್ನು ಊರು ಹೊರುವ ವ್ಯವಸ್ಥೆ ಬಂತು. ಶಿಕ್ಷಣ ಇಲಾಖೆಯ ನಿರ್ದೇಶಕರಾಗಿದ್ದ ಎನ್.ಡಿ. ಸುಂದರವಡಿವೇಲು ಊರೂರು ಸುತ್ತಿ ಇದನ್ನು ಬೆಳೆಸಿದರು. ಊರಿನ ಔದಾರ್ಯದ ಮೇಲೆ ನಿಂತ ವ್ಯವಸ್ಥೆಗೆ ಒಂದು ದೌರ್ಬಲ್ಯವಿತ್ತು. ಮಳೆ ಬಾರದ ವರ್ಷ, ಅಂದರೆ ಊಟ ಹೆಚ್ಚು ಬೇಕಾದ ವರ್ಷವೇ ಊರಿನ ಪಾಲು ಬರುತ್ತಿರಲಿಲ್ಲ.

1982ರ ಜುಲೈ 1ರಂದು ಮುಖ್ಯಮಂತ್ರಿ ಎಂ.ಜಿ. ರಾಮಚಂದ್ರನ್ ತಿರುಚಿರಾಪಳ್ಳಿ ಜಿಲ್ಲೆಯ ಪಾಪಾಕುರಿಚ್ಚಿಯಲ್ಲಿ ಆರಂಭಿಸಿದ ಯೋಜನೆ ಈ ಕೊರತೆಯನ್ನು ನೀಗಿಸಿತು. ಪೂರ್ತಿ ಖರ್ಚು ಸರ್ಕಾರದ್ದು. ಅಂಗನವಾಡಿಯ ಕೂಸಿನಿಂದ ಹಿಡಿದು ಪ್ರಾಥಮಿಕ ಶಾಲೆಯ ಮಗುವಿನವರೆಗೆ ಹಳ್ಳಿಯ ಮಕ್ಕಳಿಗೆಲ್ಲ ಊಟ. ಕೆಲವೇ ತಿಂಗಳಲ್ಲಿ ಪಟ್ಟಣಗಳಿಗೂ, 1984ರಲ್ಲಿ ದೊಡ್ಡ ಮಕ್ಕಳಿಗೂ ಅದು ವಿಸ್ತರಿಸಿತು. ಬಾಲ್ಯದಲ್ಲಿ ಹಸಿವಿನ ರುಚಿ ಕಂಡಿದ್ದ ಎಂಜಿಆರ್ ಈ ವಿಷಯದಲ್ಲಿ ಲೆಕ್ಕಪತ್ರದ ಮಾತು ಕೇಳಲಿಲ್ಲ. ಅಗ್ಗದ ಜನಪ್ರಿಯತೆ, ಖಜಾನೆ ಬರಿದು ಮಾಡುವ ಕೆಲಸ ಎಂದು ಅರ್ಥಶಾಸ್ತ್ರಜ್ಞರೂ, ಅಧಿಕಾರಿಗಳೂ ಟೀಕಿಸಿದರು. ಆದರೆ ಯೋಜನೆ ಎಷ್ಟು ಬೇರುಬಿಟ್ಟಿತೆಂದರೆ ಮುಂದೆ ಬಂದ ಯಾವ ಪಕ್ಷವೂ ಅದನ್ನು ಮುಟ್ಟಲಿಲ್ಲ. 1989ರಲ್ಲಿ ಅಧಿಕಾರಕ್ಕೆ ಮರಳಿದ ಕರುಣಾನಿಧಿ ಸರ್ಕಾರ ಎಂಜಿಆರ್ ತಟ್ಟೆಗೆ ಮೊಟ್ಟೆ ಸೇರಿಸಿತು. 2022ರಲ್ಲಿ ಸ್ಟಾಲಿನ್ ಸರ್ಕಾರ ಬೆಳಗಿನ ಉಪಾಹಾರವನ್ನೂ ಸೇರಿಸಿತು.

ಉಪ್ಪಿಟ್ಟಿನ ಕಾಲ

ಕರ್ನಾಟಕದಲ್ಲಿ ಐವತ್ತು ದಾಟಿದವರಿಗೆ ಶಾಲೆಯ ಊಟವೆಂದರೆ ನೆನಪಾಗುವುದು ಉಪ್ಪಿಟ್ಟು. ಅಮೆರಿಕದ ಕೇರ್ ಸಂಸ್ಥೆಯ ನೆರವಿನಿಂದ ಬರುತ್ತಿದ್ದ ಗೋಧಿ ನುಚ್ಚು, ಎಣ್ಣೆಯ ಡಬ್ಬ, ಹಾಲಿನ ಪುಡಿ ಶಾಲೆಯ ಮೂಲೆಯ ಕೋಣೆಯಲ್ಲಿರುತ್ತಿದ್ದವು. ಮೇಷ್ಟ್ರು, ದೊಡ್ಡ ಹುಡುಗರು ಸೇರಿ ಬೇಯಿಸುತ್ತಿದ್ದರು. ಆ ಉಪ್ಪಿಟ್ಟಿಗಾಗಿಯೇ ಶಾಲೆ ತಪ್ಪಿಸದವರು ಎಷ್ಟೋ ಮಂದಿ. ಆದರೆ ಬೇರೆ ದೇಶದ ದವಸ ಬಂದ ದಿನ ಊಟ, ಬಾರದ ದಿನ ಇಲ್ಲ ಎಂಬ ಸ್ಥಿತಿ. ವಾರಾನ್ನದ ಹುಡುಗನಂತೆ ಶಾಲೆಯೂ ಇನ್ನೊಬ್ಬರ ಮನೆಯ ಬಾಗಿಲಲ್ಲಿ ನಿಂತಿತ್ತು.

1995ರ ಆಗಸ್ಟ್ 15ರಂದು ಕೇಂದ್ರ ಸರ್ಕಾರ ದೇಶವ್ಯಾಪಿ ಯೋಜನೆ ಪ್ರಕಟಿಸಿತು. ಒಂದರಿಂದ ಐದನೆಯ ತರಗತಿಯ ಮಕ್ಕಳಿಗೆ ದಿನಕ್ಕೆ 100 ಗ್ರಾಂ ಧಾನ್ಯದ ಬೇಯಿಸಿದ ಊಟ ಕೊಡಬೇಕೆಂಬುದು ಉದ್ದೇಶ. ಧಾನ್ಯ ಕೇಂದ್ರದ್ದು, ಬೇಯಿಸುವ ಖರ್ಚು ರಾಜ್ಯದ್ದು. ಹೆಚ್ಚಿನ ರಾಜ್ಯಗಳು ಬೇಯಿಸುವ ಗೋಜಿಗೇ ಹೋಗದೆ ತಿಂಗಳಿಗೆ ಮೂರು ಕಿಲೋ ಧಾನ್ಯ ಅಳೆದು ಕೊಟ್ಟು ಕೈತೊಳೆದುಕೊಂಡವು. ಕರ್ನಾಟಕದಲ್ಲೂ ಮಕ್ಕಳು ಅಕ್ಕಿಯ ಚೀಲ ಹೊತ್ತು ಮನೆಗೆ ಹೋದರು. ಆ ಅಕ್ಕಿ ಇಡೀ ಮನೆಯ ಪಾಲಾಗುತ್ತಿತ್ತು. ತರಗತಿಯಲ್ಲಿ ಕೂತ ಮಗುವಿನ ಮಧ್ಯಾಹ್ನದ ಹಸಿವು ಹಾಗೆಯೇ ಉಳಿಯಿತು. ಒಟ್ಟಿಗೆ ಕೂತು ಉಣ್ಣುವ ಪ್ರಶ್ನೆ ಅಲ್ಲಿ ಏಳಲೇ ಇಲ್ಲ.

ನ್ಯಾಯಾಲಯದ ಆದೇಶ

2001ರಲ್ಲಿ ರಾಜಸ್ಥಾನದಂತಹ ರಾಜ್ಯಗಳಲ್ಲಿ ಬರ. ಅದೇ ಹೊತ್ತಿಗೆ ಭಾರತ ಆಹಾರ ನಿಗಮದ ಗೋದಾಮುಗಳು ಧಾನ್ಯದಿಂದ ತುಂಬಿ ತುಳುಕುತ್ತಿದ್ದವು. ಜನ ಹಸಿದಿರುವಾಗ ಧಾನ್ಯ ಕೊಳೆಯುವುದೇಕೆ ಎಂದು ಪೀಪಲ್ಸ್ ಯೂನಿಯನ್ ಫಾರ್ ಸಿವಿಲ್ ಲಿಬರ್ಟೀಸ್ ಸಂಘಟನೆ ಸುಪ್ರೀಂ ಕೋರ್ಟಿಗೆ ಹೋಯಿತು. ಆ ವರ್ಷ ನವೆಂಬರ್ 28ರಂದು ಹೊರಬಿದ್ದ ಮಧ್ಯಂತರ ಆದೇಶ ಸ್ಪಷ್ಟವಾಗಿತ್ತು. ಸರ್ಕಾರಿ ಮತ್ತು ಅನುದಾನಿತ ಪ್ರಾಥಮಿಕ ಶಾಲೆಯ ಪ್ರತಿ ಮಗುವಿಗೂ ಬೇಯಿಸಿದ ಊಟವನ್ನೇ ಕೊಡಬೇಕು. ಅದರಲ್ಲಿ ಕನಿಷ್ಠ 300 ಕ್ಯಾಲೊರಿ ಶಕ್ತಿ, 8ರಿಂದ 12 ಗ್ರಾಂ ಪ್ರೋಟೀನ್ ಇರಬೇಕು. ವರ್ಷಕ್ಕೆ ಕನಿಷ್ಠ 200 ದಿನ ಒಲೆ ಹೊತ್ತಬೇಕು.

ಎಸ್.ಎಂ. ಕೃಷ್ಣ ಸರ್ಕಾರ 2002ರ ಜೂನ್‌ನಲ್ಲಿ ಈಶಾನ್ಯ ಭಾಗದ ಏಳು ಜಿಲ್ಲೆಗಳಲ್ಲಿ ಬಿಸಿಯೂಟ ಆರಂಭಿಸಿತು. 2003ರಲ್ಲಿ ಅದು ಉಳಿದ ಜಿಲ್ಲೆಗಳಿಗೂ ಬಂತು. ಮುಂದಿನ ಐದಾರು ವರ್ಷಗಳಲ್ಲಿ ಏಳನೆಯ ತರಗತಿಗೂ, ಬಳಿಕ ಹತ್ತನೆಯ ತರಗತಿಗೂ ಮುಟ್ಟಿತು. 2013ರ ಆಹಾರ ಭದ್ರತಾ ಕಾಯ್ದೆ ಎಂಟನೆಯ ತರಗತಿಯವರೆಗಿನ ಮಕ್ಕಳಿಗೆ ಈ ಊಟವನ್ನು ಕಾನೂನಿನ ಹಕ್ಕಾಗಿಸಿತು. ಅದೇ ವರ್ಷ ಆಗಸ್ಟ್‌ನಲ್ಲಿ ಕ್ಷೀರಭಾಗ್ಯದ ಹಾಲು ಕೂಡ ಮಕ್ಕಳ ಲೋಟಕ್ಕೆ ಬಂತು.

ರಾಜ್ಯದ ಯೋಜನೆಗೆ ಇಟ್ಟ ಹೆಸರು ಅಕ್ಷರ ದಾಸೋಹ. ಹನ್ನೆರಡನೆಯ ಶತಮಾನದ ಶರಣರಿಂದ ಬಂದ ಮಾತು ಇದು. ದಾನ ಕೊಡುವವನು ಮೇಲೆ, ತೆಗೆದುಕೊಳ್ಳುವವನು ಕೆಳಗೆ. ದಾಸೋಹದಲ್ಲಿ ಕೊಡುವವನೇ ದಾಸ. ದುಡಿದದ್ದು ಸಮಾಜದ್ದು, ಅದನ್ನು ಸಮಾಜಕ್ಕೇ ಸಲ್ಲಿಸುತ್ತಿದ್ದೇನೆ ಎಂಬ ಭಾವ ಅದರದ್ದು. ಕಲ್ಯಾಣದಲ್ಲಿ ಎಲ್ಲ ಕಾಯಕದವರೂ ಒಟ್ಟಿಗೆ ಕೂತು ಉಂಡ ನೆನಪನ್ನೂ ಆ ಪದ ಹೊತ್ತಿದೆ. ಹೆಸರಿಟ್ಟವರು ಇಷ್ಟೆಲ್ಲ ಯೋಚಿಸಿದ್ದರೋ ಇಲ್ಲವೋ, ಹೆಸರು ಮಾತ್ರ ಯೋಜನೆಗೆ ಒಂದು ಒರೆಗಲ್ಲನ್ನು ಒದಗಿಸಿತು.

ಅಡುಗೆ ಯಾರದು?

ಆ ಒರೆಗಲ್ಲಿಗೆ ಮೊದಲು ಉಜ್ಜಬೇಕಾಗಿ ಬಂದದ್ದು ಅಡುಗೆ ಕೋಣೆಯನ್ನು. 2004ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಇನ್ನೊಂದು ಆದೇಶ ಕೊಟ್ಟಿತು. ಅಡುಗೆಯವರು, ಸಹಾಯಕರ ನೇಮಕದಲ್ಲಿ ದಲಿತರು, ಪರಿಶಿಷ್ಟ ಪಂಗಡದವರಿಗೆ ಆದ್ಯತೆ ಇರಬೇಕು ಎಂದಿತು. ಮಕ್ಕಳನ್ನು ಒಂದೇ ಸಾಲಿನಲ್ಲಿ ಕೂರಿಸುವುದಕ್ಕಿಂತ ಇದು ದೊಡ್ಡ ಹೆಜ್ಜೆ. ಸಾಲಿನಲ್ಲಿ ಕೂತ ಮಗು ಸಂಜೆ ಮನೆಗೆ ಹೋಗಿ ತನ್ನವರೊಡನೆ ಉಣ್ಣುತ್ತದೆ. ಆದರೆ ಯಾರು ಬೇಯಿಸಿದರೆಂಬುದು ಊರಿಗೆಲ್ಲ ಗೊತ್ತಿರುತ್ತದೆ.

ಊರುಗಳು ಪ್ರತಿಭಟಿಸಿದವು, ಹಲವು ಕಡೆ ಸದ್ದಿಲ್ಲದೆ. ಕೋಲಾರ ಜಿಲ್ಲೆಯ ಒಂದು ಹಳ್ಳಿಯಲ್ಲಿ ದಲಿತ ಮಹಿಳೆ ಅಡುಗೆಗೆ ಬಂದ ಮೇಲೆ ನೂರರಷ್ಟು ಮಕ್ಕಳು ಶಾಲೆಯನ್ನೇ ಬಿಟ್ಟದ್ದು 2015ರಲ್ಲಿ ವರದಿಯಾಯಿತು. 2021ರ ಡಿಸೆಂಬರ್‌ನಲ್ಲಿ ಉತ್ತರಾಖಂಡದ ಚಂಪಾವತ್ ಜಿಲ್ಲೆಯಲ್ಲಿ ಮೇಲ್ಜಾತಿಯ ಮಕ್ಕಳು ದಲಿತ ಮಹಿಳೆಯ ಅಡುಗೆ ಒಲ್ಲೆವೆಂದರು. ಆಕೆಯನ್ನು ತೆಗೆದಾಗ ದಲಿತ ಮಕ್ಕಳು ಹೊಸಬರ ಅಡುಗೆ ಒಲ್ಲೆವೆಂದರು. ಕೊನೆಗೆ ಆಕೆಗೆ ಕೆಲಸ ಮರಳಿ ಸಿಕ್ಕಿತು. 2025ರ ಜೂನ್‌ನಲ್ಲಿ ಚಾಮರಾಜನಗರ ಜಿಲ್ಲೆಯ ಒಂದು ಶಾಲೆಯ ವಿಷಯದಲ್ಲೂ ಇಂತಹದೇ ಆರೋಪ ಕೇಳಿಬಂತು. ಇವು ಸುದ್ದಿಯಾದ ಪ್ರಕರಣಗಳು. ಜಗಳವೇ ಇಲ್ಲದೆ ಪರಿಶಿಷ್ಟ ಜಾತಿಯ ಮಹಿಳೆಯರು ನಿತ್ಯ ಬೇಯಿಸಿ, ಎಲ್ಲ ಮನೆಯ ಮಕ್ಕಳೂ ಎರಡನೆಯ ಸಲ ಸಾಂಬಾರು ಕೇಳಿ ಹಾಕಿಸಿಕೊಳ್ಳುವ ಶಾಲೆಗಳು ಸುದ್ದಿಯಾಗುವುದಿಲ್ಲ.

ಒಲೆಯ ಮುಂದೆ ನಿಂತ ಹೆಂಗಸರ ಕಷ್ಟ ಜಾತಿಯೊಂದರಿಂದಲೇ ಬಂದದ್ದಲ್ಲ. 2009ರಲ್ಲಿ ಅವರಿಗೆ ತಿಂಗಳಿಗೆ 1000 ರೂಪಾಯಿ ಗೊತ್ತುಮಾಡಿದಾಗ ಅದನ್ನು ಸಂಬಳವೆನ್ನದೆ ಗೌರವಧನವೆಂದು ಕರೆದರು. ಸಂಬಳವೆಂದರೆ ಕನಿಷ್ಠ ವೇತನ, ಪಿಂಚಣಿಯ ಮಾತು ಬರುತ್ತದೆ. ಗೌರವಧನಕ್ಕೆ ಅದಾವುದೂ ಇಲ್ಲ. ಕರ್ನಾಟಕ ತನ್ನ ಪಾಲನ್ನು ಆಗಾಗ ಹೆಚ್ಚಿಸಿದ್ದರೂ ಬಿಸಿಯೂಟ ನೌಕರರು ಮತ್ತೆ ಮತ್ತೆ ಬೆಂಗಳೂರಿನ ಬೀದಿಗಿಳಿಯಬೇಕಾಗಿ ಬಂದಿದೆ. ಮಕ್ಕಳಿಗೆ ಉಚಿತವಾದ ಊಟದ ಬೆಲೆಯಲ್ಲಿ ಒಂದು ಭಾಗವನ್ನು ಈ ಹೆಂಗಸರು ತಮ್ಮ ಅಗ್ಗದ ದುಡಿಮೆಯಿಂದ ತುಂಬಿಕೊಡುತ್ತಿದ್ದಾರೆ.

ಅಜಾಗರೂಕತೆಯ ಬೆಲೆಯನ್ನು ಮಕ್ಕಳೇ ತೆತ್ತ ದಿನಗಳೂ ಇವೆ. 2004ರ ಜುಲೈ 16ರಂದು ತಮಿಳುನಾಡಿನ ಕುಂಭಕೋಣದಲ್ಲಿ ಶಾಲೆಯ ಅಡುಗೆ ಚಪ್ಪರದಿಂದ ಹಬ್ಬಿದ ಬೆಂಕಿಗೆ 94 ಮಕ್ಕಳು ಬಲಿಯಾದರು. 2013ರಲ್ಲಿ ಅದೇ ಜುಲೈ 16ರಂದು ಬಿಹಾರದ ಸಾರಣ್ ಜಿಲ್ಲೆಯ ಗಂಡಾಮನ್‌ನಲ್ಲಿ ಕೀಟನಾಶಕ ಬೆರೆತ ಎಣ್ಣೆಯ ಅಡುಗೆ ಉಂಡು 23 ಮಕ್ಕಳು ಸತ್ತರು. ಶಾಲೆಯಿಂದ ದೂರವಿರುವ ಅಡುಗೆ ಕೋಣೆ, ಮಕ್ಕಳಿಗೆ ಬಡಿಸುವ ಮುನ್ನ ಶಿಕ್ಷಕರು ರುಚಿ ನೋಡುವ ನಿಯಮ ಇವಕ್ಕೆಲ್ಲ ಒತ್ತು ಸಿಕ್ಕಿದ್ದು ಇಂತಹ ಸಾವುಗಳ ಬಳಿಕ.

ಮೊಟ್ಟೆಯ ಜಗಳ

ತಟ್ಟೆಯಲ್ಲಿ ಏನಿರಬೇಕೆಂಬುದೂ ಜಗಳಕ್ಕೆ ಹೊರತಾಗಲಿಲ್ಲ. 2000ದಲ್ಲಿ ಬೆಂಗಳೂರಿನ ಐದು ಶಾಲೆಗಳ 1500 ಮಕ್ಕಳಿಂದ ಆರಂಭವಾದ ಅಕ್ಷಯ ಪಾತ್ರ ಸಂಸ್ಥೆ ದೊಡ್ಡ ಅಡುಗೆಮನೆಗಳ ಮೂಲಕ ಲಕ್ಷಾಂತರ ಮಕ್ಕಳಿಗೆ ಊಟ ತಲುಪಿಸಿತು. ಅದರ ಅಡುಗೆಯಲ್ಲಿ ಈರುಳ್ಳಿ, ಬೆಳ್ಳುಳ್ಳಿ ಇರುವುದಿಲ್ಲ. ಒಂದು ಪಂಥದ ಆಹಾರ ನಿಯಮ ಎಲ್ಲ ಮಕ್ಕಳಿಗೂ ಏಕೆ ಎಂದು ಆಹಾರ ಹಕ್ಕಿನ ಹೋರಾಟಗಾರರು ಕೇಳಿದರು. ಪೌಷ್ಟಿಕಾಂಶದಲ್ಲಿ ಕೊರತೆಯಿಲ್ಲ ಎಂದು ಸಂಸ್ಥೆ ಉತ್ತರಿಸಿತು.

2021ರ ಡಿಸೆಂಬರ್‌ನಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳು ಮತ್ತು ವಿಜಯಪುರದಲ್ಲಿ ಮೊಟ್ಟೆ, ತಿನ್ನದವರಿಗೆ ಬಾಳೆಹಣ್ಣು ಕೊಡಲು ಸರ್ಕಾರ ಮುಂದಾದಾಗ ಕೆಲವು ಮಠಾಧೀಶರು ವಿರೋಧಿಸಿದರು. ಒಟ್ಟಿಗೆ ಕೂತ ಮಕ್ಕಳಲ್ಲಿ ಇದು ಭೇದ ಹುಟ್ಟಿಸುತ್ತದೆ ಎಂಬುದು ಅವರ ವಾದ. ಮೊಟ್ಟೆ ಬೇಕೆಂದು ಕೊಪ್ಪಳ ಜಿಲ್ಲೆಯ ಒಬ್ಬ ವಿದ್ಯಾರ್ಥಿನಿ ಖಾರವಾಗಿ ಕೇಳಿದ್ದು ರಾಜ್ಯವೆಲ್ಲ ಸುದ್ದಿಯಾಯಿತು. ಆಯ್ಕೆ ಮಕ್ಕಳಿಗೇ ಬಿಟ್ಟಾಗ ಹೆಚ್ಚಿನವರು ಮೊಟ್ಟೆಯನ್ನೇ ಆರಿಸಿಕೊಂಡರು. ಮುಂದಿನ ವರ್ಷ ಅದು ರಾಜ್ಯಕ್ಕೆಲ್ಲ ವಿಸ್ತರಿಸಿತು. 2024ರ ಸೆಪ್ಟೆಂಬರ್‌ನಲ್ಲಿ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ ನೆರವಿನಿಂದ ವಾರದ ಆರೂ ದಿನ ಮೊಟ್ಟೆ ಕೊಡುವ ಕಾರ್ಯಕ್ರಮ ಯಾದಗಿರಿಯಲ್ಲಿ ಆರಂಭವಾಯಿತು.

ಉಂಡವರ ಮಕ್ಕಳು

ಊಟದ ಲಾಭವನ್ನು ಹಿಂದೆಲ್ಲ ಹಾಜರಿ ಪುಸ್ತಕದಲ್ಲಿ ಹುಡುಕುತ್ತಿದ್ದರು. 2021ರಲ್ಲಿ ‘ನೇಚರ್ ಕಮ್ಯುನಿಕೇಷನ್ಸ್’ ಪತ್ರಿಕೆಯಲ್ಲಿ ಬಂದ ಭಾರತದ ಬಗೆಗಿನ ಅಧ್ಯಯನವೊಂದು ಇನ್ನೂ ಮುಂದಕ್ಕೆ ಹೋಯಿತು. ಚಿಕ್ಕಂದಿನಲ್ಲಿ ಶಾಲೆಯ ಊಟ ಉಂಡು ಬೆಳೆದ ಹೆಣ್ಣುಮಕ್ಕಳು ತಾಯಂದಿರಾದಾಗ ಅವರ ಮಕ್ಕಳ ಎತ್ತರದ ಬೆಳವಣಿಗೆ ಉತ್ತಮವಾಗಿರುವುದನ್ನು ಅದು ಕಂಡಿತು. ಒಂದು ತಲೆಮಾರಿನ ಮಧ್ಯಾಹ್ನದ ಅನ್ನ ಮುಂದಿನ ತಲೆಮಾರಿನ ಮೂಳೆಗೆ ಸೇರಿತ್ತು. ಖಜಾನೆಗೆ ಹೊರೆ ಎಂಬ ಎಂಭತ್ತರ ದಶಕದ ಟೀಕೆಗೆ ಇದಕ್ಕಿಂತ ಗಟ್ಟಿ ಉತ್ತರ ಬೇಕಾಗಿಲ್ಲ.

ಹೊಟ್ಟೆಯ ಲೆಕ್ಕದಲ್ಲಿ ಬಿಸಿಯೂಟ ಗೆದ್ದಿದೆ. ಪಂಕ್ತಿಯ ಲೆಕ್ಕ ಅಷ್ಟು ಸರಳವಲ್ಲ. ಸರ್ಕಾರಿ ಶಾಲೆಯಲ್ಲಿ ಸಾಲು ಒಂದಾಗುತ್ತಿದ್ದ ವರ್ಷಗಳಲ್ಲೇ ಕೈಯಲ್ಲಿ ನಾಲ್ಕು ಕಾಸಿದ್ದವರು ತಮ್ಮ ಮಕ್ಕಳನ್ನು ಎಬ್ಬಿಸಿಕೊಂಡು ಹಳದಿ ವ್ಯಾನು ಹತ್ತಿಸಿ ಪಟ್ಟಣದ ಕಾನ್ವೆಂಟುಗಳಿಗೆ ಕಳಿಸಿದರು. ಇಂಗ್ಲಿಷಿನ ಆಸೆ ಅದಕ್ಕೆ ಮುಖ್ಯ ಕಾರಣ, ನಿಜ. ಆದರೆ ಅದರ ಫಲವಾಗಿ ಊರಿನ ಎಲ್ಲರ ಮಕ್ಕಳೂ ಕೂರಬೇಕಾಗಿದ್ದ ಸಾಲಿನಲ್ಲಿ ಬೇರೆಲ್ಲೂ ಹೋಗಲಾಗದವರ ಮಕ್ಕಳೇ ಹೆಚ್ಚಾಗಿ ಉಳಿದರು. ವಾರಾನ್ನದ ಕಾಲದಲ್ಲಿ ಪಂಕ್ತಿಗಳು ಜಾತಿಗೊಂದಿದ್ದವು. ಈಗ ಟಿಫಿನ್ ಬಾಕ್ಸಿನದೊಂದು, ಬಿಸಿಯೂಟದ ತಟ್ಟೆಯದೊಂದು ಎಂದು ಬೇರೆಯಾಗಿವೆ. ಶಾಲೆಯ ಅಡುಗೆ ಕೋಣೆ ಮಕ್ಕಳ ಹಸಿವನ್ನು ನೀಗಬಲ್ಲದು. ಆ ಊಟಕ್ಕೆ ಊರಿನ ಎಲ್ಲ ಮನೆಯ ಮಕ್ಕಳೂ ಕೂರುವಂತಾಗಬೇಕಾದರೆ, ಎಲ್ಲ ಮನೆಯವರೂ ತಮ್ಮ ಮಕ್ಕಳನ್ನು ನೆಚ್ಚಿ ಕಳಿಸಬಹುದಾದ ಪಾಠ ಪಕ್ಕದ ತರಗತಿ ಕೋಣೆಯಲ್ಲಿ ನಡೆಯಬೇಕು.